ಕೊಯ್ದವನ ಪಾಲು ಕೊನೆಗೆ

ಬ್ರೆಡ್ಡು ಕೊಯ್ದವನು ಕೊನೆಗೆ ತೆಗೆದುಕೊಳ್ಳಬೇಕು. ಜರ್ಮನರು ನಮ್ಮ ಸೆರೆಶಿಬಿರದ ಗೋಡೆಗಳ ಮೇಲೆ ಬೇಕಾದಷ್ಟು ಕಾನೂನು ಅಂಟಿಸಿದ್ದರು, ಅವನ್ನು ಯಾರೂ ಕ್ಯಾರೇ ಅನ್ನುತ್ತಿರಲಿಲ್ಲ. ಎಲ್ಲೂ ಬರೆಯದ ಈ ಕಾನೂನನ್ನು ಮಾತ್ರ ಮುರಿದವನನ್ನು ನಾನು ಕಾಣೆ. ಕಲ್ಲಿನಂಥ ಕರಿ ಬ್ರೆಡ್ಡು, ಅದರಲ್ಲಿ ಅರ್ಧ ಮರದ ಹೊಟ್ಟು. ಕೋಣೆಯವರೆಲ್ಲ ಸುತ್ತ ನಿಂತು ಚಾಕುವನ್ನೇ ನೋಡುತ್ತಿರುವಾಗ ಒಬ್ಬ ಕೊಯ್ಯುತ್ತಾನೆ. ಉಳಿದವರು ಸರದಿಯ ಮೇಲೆ ತಮಗೆ ಬೇಕಾದ ಚೂರನ್ನು ಆರಿಸಿಕೊಳ್ಳುತ್ತಾರೆ. ಎಲ್ಲರೂ ತೆಗೆದುಕೊಂಡ ಮೇಲೆ ಹಲಗೆಯ ಮೇಲೆ ಏನು ಉಳಿಯಿತೋ ಅದು ಕೊಯ್ದವನಿಗೆ. ಹಾಗಾಗಿ ಕೊಯ್ಯುವವನ ಕೈ ಅತ್ತಿತ್ತ ವಾಲುತ್ತಿರಲಿಲ್ಲ. ಹಸಿದವನಿಗೆ ನ್ಯಾಯ ಕಲಿಸಲು ಇದಕ್ಕಿಂತ ಒಳ್ಳೆಯ ಉಪಾಯ ನಾನು ಕಂಡ ಯಾವ ಪಾದ್ರಿಗೂ ಹೊಳೆದಿರಲಿಲ್ಲ.

ನಮ್ಮ ಕೋಣೆಯಲ್ಲಿ ಚಾಕು ಹಿಡಿಯುತ್ತಿದ್ದವನು ಎಡ್ವಿನ್ ಮೆಟ್‌ಕಾಫ್. ನಾವ್ಯಾರೂ ಅವನನ್ನು ಹೆಸರು ಹಿಡಿದು ಕರೆದವರಲ್ಲ. ನಮ್ಮ ಬಾಂಬರ್ ವಿಮಾನದ ಪೈಲಟ್ ಅವನು, ಹಾಗಾಗಿ ಸ್ಕಿಪ್ಪರ್. ಸೆರೆಯಾದ ಮೇಲೂ ಸ್ಕಿಪ್ಪರ್. ಯಾರ್ಕ್‌ಶೈರ್ ಬೆಟ್ಟಗಳ ಮೇಲೆ ಕುರಿ ಕಾಯುವವರ ಮಗ. ಉದ್ದ ಕಾಲು, ಕಡಿಮೆ ಮಾತು, ಇಪ್ಪತ್ತಮೂರಕ್ಕೇ ಹಣೆಯ ಮೇಲೆ ಗೆರೆ. ನಾನು ಆರ್ನಲ್ಡ್ ಸಗ್ಡನ್, ಅದೇ ಸೀಮೆಯ ಹ್ಯಾಲಿಫ್ಯಾಕ್ಸಿನವನು, ಉಣ್ಣೆ ಗಿರಣಿಯವರ ಪೈಕಿ. ವಿಮಾನದಲ್ಲಿ ವೈರ್‌ಲೆಸ್ ಕೆಲಸ. ಅವರ ಕುರಿಯ ಉಣ್ಣೆ ನಮ್ಮ ಗಿರಣಿಗೆ ಬರುತ್ತಿದ್ದಿರಬಹುದು, ಅದು ಬಿಟ್ಟರೆ ನಮಗೂ ಅವರಿಗೂ ಏನೂ ಸಂಬಂಧವಿರಲಿಲ್ಲ. ಯುದ್ಧ ಬಂದು ಎಲ್ಲರನ್ನೂ ಒಂದೇ ತಗಡಿನ ಕೊಳವೆಗೆ ತುಂಬಿತು.

“ಕುರಿ ಕಾಯೋನು ಹಿಂಡಿನ ಹಿಂದೆ ನಡೀಬೇಕು ಕಣೋ. ಮುಂದೆ ನಡೆದ್ರೆ ಬಿದ್ದ ಕುರಿ ಕಾಣ್ಸಲ್ಲ,” ಅನ್ನುತ್ತಿದ್ದ ಸ್ಕಿಪ್ಪರ್. ಪೈಲಟ್ಟಿಗೂ ಅದೇ ನಿಯಮ. ವಿಮಾನ ಕೈಬಿಟ್ಟಿತು ಅಂದರೆ ಎಲ್ಲರೂ ಪ್ಯಾರಾಚೂಟು ಕಟ್ಟಿ ಹಾರಿದ ಮೇಲೆ ಅವನು ಹಾರಬೇಕು. ಬೇರೆ ಪೈಲಟ್ಟರು ಅದನ್ನು ನಿಯಮ ಅಂದುಕೊಂಡಿದ್ದರು. ನಮ್ಮವನು ಅದನ್ನು ಮರ್ಯಾದೆ ಅಂದುಕೊಂಡಿದ್ದ.

ಏಳು ಜನರ ವಿಮಾನ ಅದು. ಮೇಲಕ್ಕೆ ಹೋದ ಮೇಲೆ ಹಿಂದಿನವರ ಮುಖ ಮುಂದಿನವರಿಗೆ ಕಾಣುವುದಿಲ್ಲ. ಕಿವಿಗೆ ಸಿಕ್ಕಿಸಿಕೊಂಡ ಇಂಟರ್‌ಕಾಮ್ ತಂತಿಯೊಂದೇ ಗತಿ. ಸ್ಕಿಪ್ಪರ್ ಆಗಾಗ ಬಾಲದ ಕಡೆಯಿಂದ ಶುರುಮಾಡಿ ಒಬ್ಬೊಬ್ಬರನ್ನೇ ಕೂಗುತ್ತಿದ್ದ, ಹೆಸರಿನಿಂದಲ್ಲ, ಜಾಗದಿಂದ.

“ಬಾಲ?”

“ಇದ್ದೀನಿ ಸ್ಕಿಪ್ಪರ್.”

“ಬೆನ್ನು?”

“ಇದ್ದೀನಿ.”

“ವೈರ್‌ಲೆಸ್?”

“ಎಲ್ಲಿಗೆ ಹೋಗ್ಲಿ, ಇಲ್ಲೇ ಇದ್ದೀನಿ.”

ಬಾಲ ಅಂದರೆ ಕ್ಲಿಫ್ ಪ್ಯೂ. ವಿಮಾನದ ತುದಿಯಲ್ಲಿ ಗಾಜಿನ ಗೂಡೊಂದರಲ್ಲಿ ಗನ್ನುಗಳ ಹಿಂದೆ ಮುದುಡಿ ಕೂರುವವನು. ವೇಲ್ಸಿನ ಕಲ್ಲಿದ್ದಲ ಗಣಿಯ ಕುಳ್ಳ. ಬಾಯಿಗೆ ಬೀಗವೇ ಇಲ್ಲ. ಬೆನ್ನು ಅಂದರೆ ಲೆನ್ ಹಾಸ್ಕಿನ್. ವಿಮಾನದ ಬೆನ್ನ ಮೇಲಿನ ಗೂಡು ಅವನದು. ಕಾರ್ನ್‌ವಾಲಿನ ಮೀನುಗಾರರ ಹುಡುಗ, ಎಲ್ಲಾ ಮಾತನ್ನೂ ರಾಗವಾಗಿ ಎಳೆಯುತ್ತಿದ್ದ. ದಾಳಿ ಮುಗಿಸಿ ಬಂದವರಿಗೆ ಊಟದ ಮನೆಯಲ್ಲಿ ಒಂದು ಹುರಿದ ಮೊಟ್ಟೆ ಸಿಗುತ್ತಿತ್ತು. ಊರಲ್ಲಿ ಯಾರೂ ಮೊಟ್ಟೆ ಕಾಣದ ಕಾಲ. ಹೊರಡುವ ಮುಂಚೆ ಕ್ಲಿಫ್ ತಪ್ಪದೆ ಲೆನ್ನನ ಹೆಗಲ ಮೇಲೆ ಕೈಹಾಕಿ ಕೇಳುತ್ತಿದ್ದ:

“ಲೋ ಲೆನ್, ನೀನು ವಾಪಸ್ ಬರ್ದಿದ್ರೆ ನಿನ್ನ ಮೊಟ್ಟೆ ನಾನು ತಿನ್ಲಾ?”

“ತಿನ್ನು. ಗಂಟಲಿಗೆ ಸಿಕ್ಕಿ ಸಾಯಿ.”

ಹೀಗೆ ಹೇಳಿಕೊಂಡರೆ ಇಬ್ಬರೂ ಬರುತ್ತಾರೆ ಎಂದು ನಮ್ಮ ನಂಬಿಕೆ. ನಮ್ಮ ದಳದಲ್ಲಿ ಎಲ್ಲರೂ ಇದನ್ನೇ ಹೇಳುತ್ತಿದ್ದರು. ವಾರಕ್ಕೊಮ್ಮೆ ಯಾರದೋ ಮೊಟ್ಟೆಗಳು ಉಳಿದೇ ಇರುತ್ತಿದ್ದವು, ಅದು ಬೇರೆ ಮಾತು.

ಸೆಪ್ಟೆಂಬರಿನ ಒಂದು ಮಧ್ಯಾಹ್ನ, ಹಾಡಹಗಲಿನಲ್ಲಿ, ಜರ್ಮನಿಯ ರೂರ್ ಸೀಮೆಯ ಎಣ್ಣೆ ಕಾರ್ಖಾನೆಯ ಮೇಲೆ ಬಾಂಬು ಹಾಕಿ ತಿರುಗುವಾಗ ಕೆಳಗಿನ ಫಿರಂಗಿಯ ಗುಂಡು ನಮ್ಮ ವಿಮಾನದ ಹೊಟ್ಟೆಗೆ ತಾಗಿತು. ರೆಕ್ಕೆ ಹೊತ್ತಿಕೊಂಡಿತು, ನನ್ನ ಹಿಂದೆ ವಿಮಾನದ ನಡುವೂ ಹೊತ್ತಿಕೊಂಡಿತು. “ಹಾರಿ, ಎಲ್ಲರೂ ಹಾರಿ,” ಎಂದ ಸ್ಕಿಪ್ಪರ್. ಹಾರುವ ಮುಂಚೆ ಒಬ್ಬೊಬ್ಬರೂ ಇಂಟರ್‌ಕಾಮ್‌ನಲ್ಲಿ ಹೇಳಿ ಹೋಗಬೇಕು. ಮುಂದಿನ ಮೂವರು ನನ್ನ ಕಣ್ಣೆದುರೇ ಮೂಗಿನ ಕಿಂಡಿಯಿಂದ ಇಳಿದರು. ಹಿಂದಿನವರು ಹಿಂಬಾಗಿಲಿಂದ ಹೋಗಬೇಕು.

“ಬಾಲ?” ಎಂದು ಸ್ಕಿಪ್ಪರ್ ಕೂಗಿದ. ಉತ್ತರವಿಲ್ಲ. ಮತ್ತೆ ಕೂಗಿದ. ವಿಮಾನ ಒಂದು ಕಡೆಗೆ ವಾಲುತ್ತಿತ್ತು, ಅವನು ಎರಡು ಕೈಯಲ್ಲೂ ಅದನ್ನು ಹಿಡಿದೆಳೆಯುತ್ತಿದ್ದ. ಮೂರನೆಯ ಸಲಕ್ಕೆ ಕರಕರ ಸದ್ದಿನ ನಡುವೆ ದನಿಯೊಂದು ಕೇಳಿತು: “ಬಾಲ ಹೊರಟೆ ಸ್ಕಿಪ್ಪರ್.” ಹಿಂದೆಯೇ ಇನ್ನೊಂದು: “ಬೆನ್ನು ಹೊರಟೆ.”

ನಾನು ಕಿಂಡಿಗೆ ಕಾಲು ಹಾಕಿದೆ. ಸ್ಕಿಪ್ಪರ್ ಒಂದು ಗಳಿಗೆ ಕತ್ತು ಹೊರಳಿಸಿ ಹಿಂದಿನ ಹೊಗೆಯನ್ನು ನೋಡಿದ. ಆಮೇಲೆ ನನ್ನ ಬೆನ್ನಿಗೆ ಒದ್ದ. ಆಕಾಶದಲ್ಲಿ ತೂಗುತ್ತಾ ತಲೆಯೆತ್ತಿ ನೋಡಿದಾಗ ಅವನ ಪ್ಯಾರಾಚೂಟೂ ಬಿಚ್ಚಿಕೊಳ್ಳುತ್ತಿತ್ತು. ವಿಮಾನ ಕಾಡಿನಾಚೆ ಹೋಗಿ ಬಿತ್ತು.

ಕೆಳಗೆ ಹೊಲದಲ್ಲಿ ಹೆಂಗಸರು ಹುಲ್ಲೆತ್ತುವ ಕವೆಗೋಲು ಹಿಡಿದು ನಮ್ಮನ್ನು ಸುತ್ತುವರಿದರು. ಅವರನ್ನು ನಾನು ಬಯ್ಯುವುದಿಲ್ಲ. ನಾವು ಅವರ ತಲೆಯ ಮೇಲೆ ಹಾಕಿ ಬಂದದ್ದು ಹೂವಲ್ಲ. ಮುದುಕ ಪೊಲೀಸನೊಬ್ಬ ಅಡ್ಡ ಬಂದದ್ದರಿಂದ ಉಳಿದೆವು. ನಮ್ಮಲ್ಲಿ ಬಾಂಬು ಎಸೆಯುವವನು ಅಧಿಕಾರಿ, ಅವನನ್ನು ಅಧಿಕಾರಿಗಳ ಶಿಬಿರಕ್ಕೆ ಕಳಿಸಿದರು. ಇನ್ನಿಬ್ಬರು ಕಾಲು ಮುರಿದುಕೊಂಡು ಆಸ್ಪತ್ರೆ ಸೇರಿದರು. ದನ ಸಾಗಿಸುವ ರೈಲುಬಂಡಿಯಲ್ಲಿ ಪೂರ್ವಕ್ಕೆ, ಸೈಲೀಶಿಯಾದ ಶಿಬಿರಕ್ಕೆ ಬಂದವರು ಮೂವರು: ಸ್ಕಿಪ್ಪರ್, ಲೆನ್, ನಾನು. ಹಾರುವಾಗ ಲೆನ್ನನ ಬೂಟುಗಳು ಕಾಲಿಂದ ಕಿತ್ತುಹೋಗಿದ್ದವು. ಯಾರೋ ಅವನಿಗೆ ಮರದ ಎಕ್ಕಡ ಕೊಟ್ಟಿದ್ದರು, ಟಕಟಕ ಎಂದು ಅದರಲ್ಲೇ ನಡೆಯುತ್ತಿದ್ದ.

ಕ್ಲಿಫ್ ಮಾತ್ರ ಪತ್ತೆಯಿಲ್ಲ.

“ಅವನು ಹಾರಿದ್ದಾನೆ. ಹೇಳೇ ಹಾರಿದ್ದು,” ಎಂದ ಸ್ಕಿಪ್ಪರ್. “ಎಲ್ಲೋ ಕಾಡಲ್ಲಿ ಬಚ್ಚಿಟ್ಕೊಂಡಿರ್ತಾನೆ, ಇಲ್ಲಾ ಯಾವ್ದೋ ಹುಡುಗಿ ಅಟ್ಟದ ಮೇಲೆ.”

ಹೊಸ ಸೆರೆಯಾಳುಗಳ ತಂಡ ಬಂದಾಗಲೆಲ್ಲ ಗೇಟಿನ ಬಳಿ ಹೋಗಿ ನಿಲ್ಲುತ್ತಿದ್ದ. “ಬಾಲದ ಗನ್ನರ್, ವೇಲ್ಸಿನವನು, ಇಷ್ಟೇ ಎತ್ತರ, ಬಾಯಿ ಮುಚ್ಚೋದೇ ಇಲ್ಲ. ಎಲ್ಲಾದ್ರೂ ನೋಡಿದ್ರಾ?” ಯಾರೂ ನೋಡಿರಲಿಲ್ಲ. ಸಂಜೆ ಜರ್ಮನರು ನಮ್ಮನ್ನು ಸಾಲು ನಿಲ್ಲಿಸಿ, ಎಣಿಸಿ, ತಪ್ಪಿ, ಮತ್ತೆ ಎಣಿಸಿ ಬಿಟ್ಟ ಮೇಲೆ ಅವನದೊಂದು ಎಣಿಕೆ ಇರುತ್ತಿತ್ತು. ಬಾಲವನ್ನು ಕೂಗುತ್ತಿರಲಿಲ್ಲ. ಆದರೆ ಕೂಗಿ ಉತ್ತರ ಕೇಳಲು ಬೇಕಾಗುವಷ್ಟು ಹೊತ್ತು ಸುಮ್ಮನೆ ನಿಂತಿರುತ್ತಿದ್ದ. ಆಮೇಲೆ “ಬೆನ್ನು?” ಅನ್ನುತ್ತಿದ್ದ. ಲೆನ್ ನೆಲ ನೋಡುತ್ತಾ “ಇದ್ದೀನಿ” ಅನ್ನುತ್ತಿದ್ದ.

ಆಮೇಲೆ ಡಬ್ಬಿ ಶುರುವಾಯಿತು. ರೆಡ್‌ಕ್ರಾಸಿನ ಪೊಟ್ಟಣಗಳು ಆಗ ಅಪರೂಪಕ್ಕೆ ಬರುತ್ತಿದ್ದವು. ಸ್ಕಿಪ್ಪರ್ ತನ್ನ ಪಾಲಿನ ಚಾಕಲೇಟನ್ನೂ ಸಕ್ಕರೆಯ ಗಟ್ಟಿಗಳನ್ನೂ ಹಾಲಿನ ಪುಡಿಯ ಖಾಲಿ ಡಬ್ಬಿಯೊಂದಕ್ಕೆ ಹಾಕತೊಡಗಿದ. “ಕ್ಲಿಫ್ ಬಂದಾಗ ಹಸ್ದಿರ್ತಾನೆ,” ಎಂದ. ಮೊದಮೊದಲು ನಕ್ಕೆವು. ನವೆಂಬರ್ ಹೊತ್ತಿಗೆ ನಗು ನಿಂತಿತು. ನಮಗೆ ದಿನಕ್ಕೆ ಸಿಗುತ್ತಿದ್ದದ್ದು ಒಂದು ಸೌಟು ಟರ್ನಿಪ್ ಗೆಡ್ಡೆ ಬೇಯಿಸಿದ ನೀರು, ನಾಲ್ಕು ಆಲೂಗಡ್ಡೆ, ಬ್ರೆಡ್ಡಿನ ಆ ಚೂರು. ಬ್ರೆಡ್ಡು ಕೊಯ್ಯುವಾಗಲೂ ಕೊನೆಯದು ಒಂದೆಳೆ ತೆಳ್ಳಗೆ ಬರುವಂತೆ ಅವನೇ ನೋಡಿಕೊಳ್ಳುತ್ತಿದ್ದ. ಅದೂ ಸಾಲದು ಎಂಬಂತೆ ಈ ಉಪವಾಸ. ಅವನ ಕೆನ್ನೆ ಒಳಕ್ಕೆ ಹೋಯಿತು, ಪ್ಯಾಂಟು ಹಗ್ಗದ ಮೇಲೆ ನಿಂತಿತು. ಕೋಣೆಯವರು “ಹೊಟ್ಟೆಗೆ ಹಿಟ್ಟಿಲ್ದಿದ್ರೂ ಜುಟ್ಟಿಗೆ ಮಲ್ಲಿಗೆ,” ಎಂದು ಡಬ್ಬಿಯ ಕಡೆ ಕೈತೋರಿಸುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು, ಅವರ ಮೇಲೂ, ಸ್ಕಿಪ್ಪರ್ ಮೇಲೂ.

ಒಂದು ದಿನ ಪಾತ್ರೆ ತೊಳೆಯುತ್ತಾ ಸುಮ್ಮನೆ ಕೆಣಕಿದೆ: “ಲೆನ್, ಕ್ಲಿಫ್ ಏನಾದ ಅಂತ ನಿನ್ನನ್ನೇ ಕೇಳ್ಬೇಕು. ವಿಮಾನದಲ್ಲಿ ನಿನ್ನ ಪಕ್ಕದ ಮನೆಯವನಲ್ವೇನೋ ಅವನು?”

ಪಾತ್ರೆ ಅವನ ಕೈಯಿಂದ ಬಿತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಹಾಗಾಯಿತು. ಮಧ್ಯಾಹ್ನ ಬೇಲಿಯ ಒಳಸುತ್ತಿನಲ್ಲಿ, ಸೆರೆಯಾಳುಗಳೆಲ್ಲ ಗಾಣದ ಎತ್ತಿನಂತೆ ಸುತ್ತುವ ಕಾಲುದಾರಿಯಲ್ಲಿ, ಅವನೇ ಬಂದು ನನ್ನ ಜೊತೆ ಹೆಜ್ಜೆ ಹಾಕಿದ.

“ಆರ್ನಿ, ಆ ಡಬ್ಬಿ ತಿನ್ನೋಕೆ ಯಾರೂ ಬರಲ್ಲ ಕಣೋ.”

“ಯಾಕೆ?”

“ಕ್ಲಿಫ್ ಹೊರಗೇ ಬರ್ಲಿಲ್ಲ. ಬಾಲ ಹೊರಟೆ ಅಂದಿದ್ದು ನಾನು.”

ನಡೆಯುತ್ತಲೇ ಹೇಳಿದ. ನಿಂತಿದ್ದರೆ ಅವನಿಂದ ಹೇಳಲು ಆಗುತ್ತಿರಲಿಲ್ಲ. ಗೂಡಿನಿಂದ ಇಳಿದಾಗ ನಡುವೆಲ್ಲ ಬೆಂಕಿ. ಬಾಲದ ಗೂಡಿನ ಬಾಗಿಲು ಗುಂಡಿನ ಏಟಿಗೆ ಡೊಂಕಾಗಿ ಕಚ್ಚಿಕೊಂಡಿತ್ತು. ಲೆನ್ ಕೊಡಲಿಯಿಂದ ಬಡಿದ, ಕೈಯಿಂದ ಎಳೆದ. ಸಂದಿಯಲ್ಲಿ ಕ್ಲಿಫ್‌ನ ಮುಖ ಕಾಣುತ್ತಿತ್ತು. ಅವನ ಇಂಟರ್‌ಕಾಮ್ ತಂತಿ ಸುಟ್ಟುಹೋಗಿತ್ತು. ಸ್ಕಿಪ್ಪರ್ “ಬಾಲ? ಬಾಲ?” ಎಂದು ಕೂಗುತ್ತಿದ್ದದ್ದು ಅಲ್ಲೇ ತನ್ನ ತಂತಿ ಸಿಕ್ಕಿಸಿಕೊಂಡಿದ್ದ ಲೆನ್ನನ ಕಿವಿಗೆ ಮಾತ್ರ ಬೀಳುತ್ತಿತ್ತು.

“ಕರೀತಿದ್ದಾರೆ ಅಂತ ಕ್ಲಿಫ್‌ಗೆ ಗೊತ್ತಾಯ್ತು. ನನ್ನ ಬಾಯಿ ಕಡೆ ತೋರ್ಸಿದ, ಆಮೇಲೆ ತನ್ನ ಕಡೆ ತೋರ್ಸಿದ. ನೀನೇ ಹೇಳು ಅಂತ. ನಾನು ತಲೆ ಅಲ್ಲಾಡ್ಸ್ದೆ. ಅವನಿಗೆ ಸಿಟ್ಟು ಬಂತು ಕಣೋ, ಗಾಜಿಗೆ ಗುದ್ದಿದ. ಉತ್ತರ ಹೋಗ್ದಿದ್ರೆ ಸ್ಕಿಪ್ಪರ್ ಜಾಗ ಬಿಡ್ತಿರ್ಲಿಲ್ಲ, ನಿಂಗೆ ಗೊತ್ತಲ್ಲ. ಹೇಳ್ದೆ. ಹೇಳಿ ಹಾರ್ದೆ. ಜೀವ ಇತ್ತು ಆರ್ನಿ, ಅವನಿಗಿನ್ನೂ ಜೀವ ಇತ್ತು.”

ಬೇಲಿಯ ಪಕ್ಕ ಇನ್ನರ್ಧ ಸುತ್ತು ಹಾಕಿದೆವು.

“ಸ್ಕಿಪ್ಪರ್‌ಗೆ ಹೇಳ್ಬಿಡು,” ಎಂದೆ. “ಸತ್ತವನಿಗೋಸ್ಕರ ಉಪವಾಸ ಬಿದ್ದು ಸಾಯ್ತಿದ್ದಾನೆ.”

“ಹೇಳಿದ್ರೆ ಏನ್ ಮಾಡ್ತಾನೆ? ಬದುಕಿರೋ ಒಬ್ಬನನ್ನ ಬಿಟ್ಟು ಹಾರ್ದೆ ಅಂತ ಗೊತ್ತಾದ್ರೆ ಹೋಗಿ ಬೇಲಿ ಮುಟ್ತಾನೆ. ಗೋಪುರದ ಮೇಲಿರೋ ಕಾವಲಿನವನಿಗೆ ಗುಂಡು ಹೊಡಿಯೋಕೆ ಅಷ್ಟೇ ಸಾಕು.”

“ಹೇಳ್ದಿದ್ರೂ ಸಾಯ್ತಾನಲ್ಲೋ.”

“ಹಸಿವಿನಿಂದ ಸಾಯೋಕೆ ಟೈಮ್ ಹಿಡಿಯುತ್ತೆ. ಅಷ್ಟರಲ್ಲಿ ಯುದ್ಧ ಮುಗಿದ್ರೂ ಮುಗೀಬಹುದು.”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆ ಮಾತು ಲೆನ್ನನದು, ಆಡುವುದೂ ಬಿಡುವುದೂ ಅವನಿಗೆ ಸೇರಿದ್ದು. ಅವತ್ತು ಸಂಜೆ ಸ್ಕಿಪ್ಪರ್ ಡಬ್ಬಿಯ ಮುಚ್ಚಳ ತೆಗೆದು ಇನ್ನೊಂದು ಸಕ್ಕರೆ ಗಟ್ಟಿ ಹಾಕಿದ. ಟಿಣ್ ಎಂದಿತು. ಲೆನ್ ಗೋಡೆಯ ಕಡೆ ತಿರುಗಿ ಮಲಗಿದ.

ಜನವರಿಯಲ್ಲಿ ಪೂರ್ವದ ಕಡೆಯಿಂದ ರಷ್ಯನ್ನರ ಫಿರಂಗಿಗಳ ಸದ್ದು ಕೇಳತೊಡಗಿತು. ನಮ್ಮನ್ನು ಬಿಡಿಸಿಕೊಳ್ಳುತ್ತಾರೆ ಎಂದು ಕುಣಿದಾಡಿದೆವು. ಜರ್ಮನರಿಗೆ ನಾವು ಅಷ್ಟು ಬೇಕಾದವರು ಎಂದು ಯಾರಿಗೆ ಗೊತ್ತಿತ್ತು? ಹಿಮಗಾಳಿಯಲ್ಲೇ ಇಡೀ ಶಿಬಿರವನ್ನು ಎಬ್ಬಿಸಿ ಪಶ್ಚಿಮಕ್ಕೆ ನಡೆಸಿದರು. ಬಾಣಲೆಯಿಂದ ಬೆಂಕಿಗೆ ಬಿದ್ದೆವು ಅಂದರೆ ತಪ್ಪಾದೀತು, ಆ ಚಳಿಯಲ್ಲಿ ಬೆಂಕಿ ಸಿಕ್ಕಿದ್ದರೆ ಕೈಮುಗಿಯುತ್ತಿದ್ದೆವು. ಮಂಚದ ಹಲಗೆ ಜೋಡಿಸಿ ಒಂದು ಜಾರುಬಂಡಿ ಮಾಡಿಕೊಂಡೆವು. ಅದರ ಮೇಲೆ ಕಂಬಳಿ, ಪಾತ್ರೆ, ಆ ಡಬ್ಬಿ. ಹಗ್ಗ ನನ್ನ ಹೆಗಲಿಗೆ. ಲೆನ್ ನನ್ನ ಪಕ್ಕಕ್ಕೆ. ಸ್ಕಿಪ್ಪರ್ ಎಂದಿನಂತೆ ನಮ್ಮ ಹಿಂದೆ.

ಸೇತುವೆ ದಾಟಿದೆವು, ಇಟ್ಟಿಗೆ ಕಾರ್ಖಾನೆಯೊಂದರಲ್ಲಿ ಬಿದ್ದುಕೊಂಡೆವು, ಮತ್ತೆ ನಡೆದೆವು. ಸಾಲಿನ ಹಿಂದೆ ಆಗೊಮ್ಮೆ ಈಗೊಮ್ಮೆ ಗುಂಡಿನ ಸದ್ದು ಕೇಳುತ್ತಿತ್ತು. ಯಾವುದಕ್ಕೆ ಎಂದು ಯಾರೂ ಕೇಳುತ್ತಿರಲಿಲ್ಲ. ಕೂತವರು ಮತ್ತೆ ಕಾಣಿಸುತ್ತಿರಲಿಲ್ಲ. ಲೆನ್ನನ ಎಕ್ಕಡದ ಟಕಟಕ ಹಿಮದಲ್ಲಿ ಅಡಗಿಹೋಗಿತ್ತು. ಅವನ ಕಾಲ ಬೆರಳುಗಳು ಕಪ್ಪಗಾದವು. ಅದನ್ನು ನನಗೆ ತೋರಿಸಿದ, ಸ್ಕಿಪ್ಪರ್‌ಗೆ ತೋರಿಸಲಿಲ್ಲ.

ಒಂದು ಬೆಳಗ್ಗೆ ಮಂಡಿಮಟ್ಟ ಹಿಮ. ಕಾವಲಿನವರು ಉದ್ದ ಕಾಲಿನವರನ್ನೆಲ್ಲ ಹೆಕ್ಕಿ, ದಾರಿ ತುಳಿದು ಕೊಡಿ ಎಂದು ಸಾಲಿನ ಮುಂದಕ್ಕೆ ಅಟ್ಟಿದರು. ಸ್ಕಿಪ್ಪರ್ ಆಗುವುದಿಲ್ಲ ಎಂದ. ಬಂದೂಕಿನ ಹಿಡಿಯಿಂದ ಬೆನ್ನಿಗೊಂದು ಬಿತ್ತು. ಹೋಗುವಾಗ ತಿರುಗಿ ನಮ್ಮಿಬ್ಬರಿಗೆ ಹೇಳಿದ:

“ಕೂಗ್ತಿರ್ತೀನಿ. ಉತ್ತರ ಕೊಡ್ತಿರಿ.”

ಗಾಳಿ ಹಿಮವನ್ನು ಮುಖಕ್ಕೆ ಎರಚುತ್ತಿತ್ತು, ಎದುರು ನಡೆಯುವವನ ಬೆನ್ನು ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಆ ಬಿಳಿಯ ಒಳಗಿಂದ ಅವನ ಕೂಗು ಬರುತ್ತಿತ್ತು. “ಬೆನ್ನು?” “ಇದ್ದೀನಿ!” “ವೈರ್‌ಲೆಸ್?” “ಇದ್ದೀನಿ!” ಅಕ್ಕಪಕ್ಕದವರು ನಮ್ಮನ್ನು ಹುಚ್ಚರನ್ನು ನೋಡುವಂತೆ ನೋಡಿದರು. ನನಗೆ ಮಾತ್ರ ಆ ಕೂಗೇ ಹಿಡಿದು ನಡೆಯುವ ಹಗ್ಗವಾಗಿತ್ತು.

ಮಧ್ಯಾಹ್ನದ ಹೊತ್ತಿಗೆ ಲೆನ್ ಕುಸಿದು ಕೂತ. ಎಬ್ಬಿಸಿದೆ, ಮತ್ತೆ ಕೂತ. ಸಾಲು ನಮ್ಮನ್ನು ಬಳಸಿಕೊಂಡು ಮುಂದೆ ಹೋಗುತ್ತಿತ್ತು.

“ನೀನು ನಡಿ ಆರ್ನಿ.”

“ಬಂಡಿ ಮೇಲೆ ಹತ್ತು, ಎಳೀತೀನಿ.”

“ನಿನ್ನಿಂದ ನಿನ್ನನ್ನೇ ಎಳಿಯೋಕಾಗ್ತಿಲ್ಲ. ಕೇಳಿಲ್ಲಿ.” ಅವನ ತುಟಿ ನೀಲಿಯಾಗಿತ್ತು, ಆದರೂ ಆ ರಾಗ ಹೋಗಿರಲಿಲ್ಲ. “ಅವನು ಕೂಗಿದಾಗ ನನ್ನ ಪರವಾಗಿ ನೀನೇ ಹೇಳು. ಇಲ್ದಿದ್ರೆ ವಾಪಸ್ ಬರ್ತಾನೆ. ಸಾಲಿಗೆ ಎದುರು ನಡೆದ್ರೆ ಗುಂಡು ಹೊಡೀತಾರೆ. ಕ್ಲಿಫ್‌ಗೆ ನಾನು ಮಾಡಿದ್ದನ್ನ ನನಗೆ ನೀನು ಮಾಡು. ಅಷ್ಟೇ ಕಣೋ. ಎರಡು ಸಲ ‘ಇದ್ದೀನಿ’ ಅಂದ್ರೆ ಮುಗೀತು.”

ಅದೇ ಹೊತ್ತಿಗೆ ಕೂಗು ಬಂತು. “ಬೆನ್ನು?”

ಬಾಯಿ ತೆರೆದೆ. ಒಂದು ಮಾತು, ಅಷ್ಟೇ. ಹೇಳಿದ್ದರೆ ಸ್ಕಿಪ್ಪರ್ ನಡೆಯುತ್ತಲೇ ಇರುತ್ತಿದ್ದ, ಇನ್ನೊಂದು ಡಬ್ಬಿ ಹುಡುಕುತ್ತಿದ್ದ, ಅದಕ್ಕೂ ಸಕ್ಕರೆ ತುಂಬುತ್ತಿದ್ದ.

“ಬೆನ್ನು?”

“ಉತ್ತರ ಇಲ್ಲ ಸ್ಕಿಪ್ಪರ್!” ಎಂದು ಗಂಟಲು ಹರಿಯುವಂತೆ ಕೂಗಿದೆ. “ಬೆನ್ನಿಂದ ಉತ್ತರ ಇಲ್ಲ!”

“ಹಾಳಾಗ್ ಹೋಗು,” ಎಂದ ಲೆನ್, ಕಣ್ಣು ಮುಚ್ಚಿಕೊಂಡ.

ಸ್ಕಿಪ್ಪರ್ ಬಂದ. ಸಾಲಿಗೆ ಎದುರಾಗಿ, ಜನರನ್ನು ಮೊಣಕೈಯಿಂದ ತಳ್ಳುತ್ತಾ ಬಂದ. ನಮ್ಮ ಕಡೆಯ ಕಾವಲಿನವನು ಮುದುಕ, ಮೀಸೆಯೆಲ್ಲ ಮಂಜುಗಡ್ಡೆ. ಅವನು ಕಿರುಚಿ ಬಂದೂಕು ಎತ್ತಿದ. ಸ್ಕಿಪ್ಪರ್ ಅವನ ಕಡೆ ನೋಡಲೂ ಇಲ್ಲ, ಲೆನ್ನನ ಎದುರು ಮಂಡಿಯೂರಿದ. ಮುದುಕ ಬಂದೂಕು ಹಿಡಿದೇ ನಿಂತ, ಆಮೇಲೆ ಅದನ್ನು ಇಳಿಸಿ ಬೇರೆ ಕಡೆ ಮುಖ ತಿರುಗಿಸಿದ. ಅವನ ಹೆಸರು ನನಗೆ ಗೊತ್ತಿಲ್ಲ, ಅವನಿಗೆ ಒಳ್ಳೆಯದಾಗಲಿ.

“ಏಳು.”

“ಆಗಲ್ಲ. ನೀವು ಹೋಗಿ ಸ್ಕಿಪ್ಪರ್.”

“ಬಂಡಿ ಹತ್ತು.”

“ನಾನು ನಿಮ್ಮ ಕೈಲಿ ಎತ್ತಿಸ್ಕೊಳ್ಳೋ ಜನ ಅಲ್ಲ.” ಲೆನ್ ಅಳುತ್ತಿದ್ದ. “ಕ್ಲಿಫ್ ಹಾರ್ಲಿಲ್ಲ. ಬಾಗಿಲು ಕಚ್ಕೊಂಡಿತ್ತು, ಒಳಗೇ ಇದ್ದ, ಬದುಕಿದ್ದ. ಅವತ್ತು ‘ಬಾಲ ಹೊರಟೆ’ ಅಂದಿದ್ದು ನಾನು. ನಾಲ್ಕು ತಿಂಗಳಿಂದ ನಿಮ್ಮ ಮುಖ ನೋಡ್ಕೊಂಡು ಸುಮ್ನಿದ್ದೆ. ಈಗ ಹೋಗ್ತೀರಾ?”

ಸ್ಕಿಪ್ಪರ್ ಎಕ್ಕಡದಿಂದ ಅವನ ಕಾಲು ಬಿಡಿಸಿ ತನ್ನ ಕುತ್ತಿಗೆಯ ಉಣ್ಣೆಬಟ್ಟೆಯಿಂದ ಸುತ್ತುತ್ತಿದ್ದ. ಕೈ ನಿಲ್ಲಲಿಲ್ಲ.

“ಗೊತ್ತು,” ಎಂದ.

“ಏನ್ ಗೊತ್ತು?”

“ನಿನ್ನ ರಾಗ ಗೊತ್ತಾಗಲ್ವೇನೋ ನಂಗೆ? ಎರಡು ವರ್ಷ ಕಿವಿಯೊಳಗೇ ಇತ್ತು. ವೇಲ್ಸಿನವನು ಹಾಗೆ ಎಳೀತಾನಾ? ನೀನು ಬಾಯಿ ಬಿಟ್ಟ ತಕ್ಷಣ ಗೊತ್ತಾಯ್ತು.” ಗಂಟು ಹಾಕಿದ. “ಗೊತ್ತಾಗೇ ಹಾರ್ದೆ ಕಣೋ. ಸಾಯೋಕೆ ಮನಸ್ಸಾಗ್ಲಿಲ್ಲ. ಕೊನೇವನು ನಾನಲ್ಲ ಅಂತ ಗೊತ್ತಿತ್ತು, ಹಾರ್ದೆ. ನೀನು ಸುಳ್ಳು ಹೇಳಿದ್ದು ಒಂದು ಸಲ. ನಾನು ದಿನಾ ಹೇಳ್ಕೊಂಡೆ, ಆ ಡಬ್ಬಿ ತುಂಬ.”

ಅವನು ಹಿಂದಿನ ಹೊಗೆಯನ್ನು ನೋಡಿದ್ದ ಆ ಗಳಿಗೆ ನನಗೆ ನೆನಪಾಯಿತು. ಹಿಮದಲ್ಲಿ ನಿಂತು ಇಬ್ಬರನ್ನೂ ನೋಡಿದೆ. ಒಬ್ಬನಿಗೆ ಗೊತ್ತಾಗಬಾರದು ಎಂದು ಇನ್ನೊಬ್ಬ ಒಳಗೊಳಗೇ ಬೇಯುತ್ತಿದ್ದ. ಗೊತ್ತಿದ್ದವನು ಗೊತ್ತಿಲ್ಲದವನಂತೆ ಹಸಿದುಕೊಂಡಿದ್ದ. ಇಬ್ಬರ ಕಪಾಳಕ್ಕೂ ಬಾರಿಸಬೇಕು ಅನ್ನಿಸಿತು. ಅಪ್ಪಿಕೊಂಡು ಅಳಬೇಕು ಅಂತಲೂ ಅನ್ನಿಸಿತು. ಎರಡಕ್ಕೂ ಹೊತ್ತಿರಲಿಲ್ಲ. ಒಂದು ಕಂಬಳಿ, ಆ ಡಬ್ಬಿ ಬಿಟ್ಟು ಉಳಿದದ್ದನ್ನೆಲ್ಲ ಬಂಡಿಯಿಂದ ಎಸೆದೆವು. ಲೆನ್ನನನ್ನು ಮಲಗಿಸಿ ಇಬ್ಬರೂ ಹಗ್ಗಕ್ಕೆ ಹೆಗಲು ಕೊಟ್ಟೆವು. ಡಬ್ಬಿ ಅವನ ಹೊಟ್ಟೆಯ ಮೇಲೆ.

ಕತ್ತಲಾಗುವ ಮುಂಚೆ ರೈತನೊಬ್ಬನ ಕೊಟ್ಟಿಗೆಗೆ ನಮ್ಮನ್ನು ತುಂಬಿದರು. ಹಸುಗಳ ಉಸಿರಿನಿಂದ ಒಳಗೆ ಬೆಚ್ಚಗಿತ್ತು. ಸ್ಕಿಪ್ಪರ್ ಹುಲ್ಲಿನ ಮೇಲೆ ಕೂತು ಡಬ್ಬಿಯ ಮುಚ್ಚಳ ತೆಗೆದ. ಚಾಕಲೇಟು ಬಿಳಿಚಿಕೊಂಡು ಕಲ್ಲಾಗಿತ್ತು. ಹಲಗೆಯ ತುಂಡೊಂದರ ಮೇಲೆ ಚಾಕುವಿನಿಂದ ಬಡಿದು ಮೂರು ಪಾಲು ಮಾಡಿದ, ಸಕ್ಕರೆಯನ್ನೂ ಹಂಚಿಟ್ಟ.

“ಬೆನ್ನು, ಮೊದ್ಲು ನೀನು ತಗೋ.”

ಲೆನ್ ಮೂರನ್ನೂ ನೋಡಿದ, ಅಂಗಡಿಯಲ್ಲಿ ಸೇಬು ಆರಿಸುವವನ ಹಾಗೆ. ಎಲ್ಲಕ್ಕಿಂತ ಚಿಕ್ಕದನ್ನು ಎತ್ತಿಕೊಂಡ. ಆಮೇಲೆ ನಾನು. ಉಳಿದದ್ದು ಸ್ಕಿಪ್ಪರ್‌ಗೆ. ಮೂರೂ ಕ್ಲಿಫ್‌ನ ಪಾಲೇ. ನಾಲಿಗೆಗೆ ಸಿಹಿ, ಗಂಟಲಿಂದ ಕೆಳಗೆ ಇಳಿಯಲೊಲ್ಲದು. ಆದರೂ ತಿಂದೆವು. ಹಸಿವಿಗೆ ನಾಚಿಕೆಯಿಲ್ಲ.

ಲೆನ್ ಒಂದು ಸಕ್ಕರೆಗಟ್ಟಿ ಚೀಪಿ, ಚಾಕಲೇಟನ್ನು ಮುಷ್ಟಿಯಲ್ಲೇ ಇಟ್ಟುಕೊಂಡ.

“ತಿನ್ನೋ,” ಎಂದೆ.

“ಬೆಳಗ್ಗೆಗೆ ಇರ್ಲಿ.” ಆಮೇಲೆ ಕಣ್ಣು ಮುಚ್ಚಿಯೇ ನಕ್ಕ. “ಸ್ಕಿಪ್ಪರ್, ನಾನು ವಾಪಸ್ ಬರ್ದಿದ್ರೆ ನನ್ನ ಮೊಟ್ಟೆ ನೀವೇ ತಿನ್ನಿ. ಆರ್ನಿಗೆ ಕೊಡ್ಬೇಡಿ, ನನ್ಮಗ ನನ್ನ ಮಾತು ಕೇಳ್ಲಿಲ್ಲ.”

“ಗಂಟಲಿಗೆ ಸಿಕ್ಕಿ ಸಾಯ್ಲಿ ಅಂತಾನಾ?” ಎಂದ ಸ್ಕಿಪ್ಪರ್.

ಬೆಳಗಾದಾಗ ಲೆನ್ ಏಳಲಿಲ್ಲ. ಅವನ ತಲೆ ಸ್ಕಿಪ್ಪರ್‌ನ ತೊಡೆಯ ಮೇಲಿತ್ತು. ಮುಷ್ಟಿ ಬಿಗಿದುಕೊಂಡಿತ್ತು. ಸ್ಕಿಪ್ಪರ್ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಚಾಕಲೇಟು ತೆಗೆದ, ಅದನ್ನು ಎರಡಾಗಿ ಕೊಯ್ದ, ನನ್ನ ಕಡೆ ಹಿಡಿದ. ನಾನು ಒಂದನ್ನು ತೆಗೆದುಕೊಂಡೆ. ಇದನ್ನು ಕೇಳಿದ ಕೆಲವರು ಮುಖ ಸಿಂಡರಿಸಿದ್ದಾರೆ. ಸಿಂಡರಿಸಲಿ. ಅವರ ಹೊಟ್ಟೆ ತುಂಬಿರುತ್ತದೆ.

ನೆಲ ಕಬ್ಬಿಣದಂತೆ ಗಟ್ಟಿಯಾಗಿತ್ತು, ಹೂಳಲು ಬಿಡಲಿಲ್ಲ. ಕಂಬಳಿ ಹೊದಿಸಿ ಗೋದಲಿಯ ಪಕ್ಕ ಮಲಗಿಸಿದೆವು. ಎಲ್ಲರನ್ನೂ ಹೊರಗಟ್ಟುವಾಗ ಸ್ಕಿಪ್ಪರ್ ಅಲ್ಲೇ ನಿಂತ. ಮೀಸೆಯ ಮುದುಕ ಬಾಗಿಲಲ್ಲಿ ಕೆಮ್ಮುತ್ತಾ ಕಾದ. ಕೊಟ್ಟಿಗೆ ಪೂರ್ತಿ ಖಾಲಿಯಾದ ಮೇಲೆ ಸ್ಕಿಪ್ಪರ್ ಹೊರಗೆ ಬಂದ. ಕೊನೆಯವನಾಗಿ.

ಆಮೇಲೆ ಬರ್ಲಿನ್ನಿನ ದಕ್ಷಿಣಕ್ಕೆ ಇನ್ನೊಂದು ಶಿಬಿರ, ಇನ್ನಷ್ಟು ಹಸಿವು. ಕೊನೆಗೆ ರಷ್ಯನ್ನರ ಟ್ಯಾಂಕು ಬೇಲಿ ತುಳಿದುಕೊಂಡು ಬಂತು. ಮೇ ತಿಂಗಳಲ್ಲಿ ನಮ್ಮವೇ ಬಾಂಬರ್‌ಗಳು ಬಂದು ನಮ್ಮನ್ನು ಮೂಟೆಗಳಂತೆ ತುಂಬಿಕೊಂಡು ಇಂಗ್ಲೆಂಡಿಗೆ ಒಯ್ದವು. ವಿಮಾನದಲ್ಲಿ ಸ್ಕಿಪ್ಪರ್ ಬಾಲದ ಕಡೆಗೇ ಹೋಗಿ ಕೂತ. ಇಳಿದ ಕೂಡಲೇ ಮೈಮೇಲೆ ಹೇನು ಸಾಯಿಸುವ ಪುಡಿ ಎರಚಿದರು. ಆಮೇಲೆ ಉದ್ದನೆಯ ಬೆಂಚುಗಳ ಊಟದ ಮನೆ. ಸಮವಸ್ತ್ರದ ಹುಡುಗಿಯೊಬ್ಬಳು ತಟ್ಟೆ ತಂದಿಟ್ಟಳು. ಹಂದಿಮಾಂಸದ ಎರಡು ಪಟ್ಟಿ, ಬಿಳಿ ಬ್ರೆಡ್ಡು, ಒಂದು ಹುರಿದ ಮೊಟ್ಟೆ.

ನಾನು ಪ್ರಾಣಿಯಂತೆ ಮುಗಿಬಿದ್ದೆ. ಅರ್ಧ ನುಂಗಿದ ಮೇಲೆ ಎದುರಿಗೆ ನೋಡಿದೆ. ಸ್ಕಿಪ್ಪರ್ ಚಾಕುವಿನಿಂದ ತನ್ನ ಮೊಟ್ಟೆಯನ್ನು ನಾಲ್ಕು ಭಾಗ ಮಾಡುತ್ತಿದ್ದ. ಹಳದಿ ಹರಿಯದಂತೆ, ಒಂದೊಂದೂ ಒಂದೇ ಸಮನಾಗಿ ಬರುವಂತೆ, ನಿಧಾನವಾಗಿ. ಮುಗಿದ ಮೇಲೆ ತಟ್ಟೆಯನ್ನು ನನ್ನ ಕಡೆ ತಳ್ಳಿದ.

“ತಗೋ ಆರ್ನಿ.”

ಒಂದು ಚೂರು ತೆಗೆದುಕೊಂಡೆ. ಮೂರು ಉಳಿದವು. ಅವನು ಚಾಕು, ಮುಳ್ಳುಚಮಚ ಎರಡನ್ನೂ ತಟ್ಟೆಯ ಪಕ್ಕ ಜೋಡಿಸಿಟ್ಟು, ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತ.

“ತಿನ್ನಿ ಸ್ಕಿಪ್ಪರ್.”

“ಕೊಯ್ದೋನು ನಾನು.”

ಸುತ್ತಲಿನವರು ತಿಂದು ಎದ್ದರು, ಬೆಂಚುಗಳು ಖಾಲಿಯಾದವು. ಮೊಟ್ಟೆಯ ಅಂಚು ಗಟ್ಟಿಯಾಯಿತು. ಹುಡುಗಿ ತಟ್ಟೆ ಎತ್ತಲು ಬಂದಳು.

“ಯಾಕೆ ಸಾರ್ಜೆಂಟ್, ತಿನ್ನಲ್ವಾ? ತಣ್ಣಗಾಗೋಯ್ತಲ್ಲ.”

“ಇನ್ನೂ ಇಬ್ಬರು ತಗೊಂಡಿಲ್ಲ,” ಎಂದ ಸ್ಕಿಪ್ಪರ್.

ಅವಳು ನನ್ನ ಮುಖ ನೋಡಿದಳು, ಅವನ ಎಡಬಲದ ಖಾಲಿ ಬೆಂಚು ನೋಡಿದಳು. ಮುಂದೆ ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು. ತಟ್ಟೆಯನ್ನು ಅಲ್ಲೇ ಬಿಟ್ಟು, ಪಕ್ಕದ ಮೇಜು ಒರೆಸಲು ಹೋದಳು.